ಗಡಿನಾಡಿನ ಹೆಣ್ಣುಮಕ್ಕಳ ವಿದ್ಯೆ, ವಿವಾಹ, ವೃತ್ತಿ

(ಸಂಸ್ಥೆಯ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಮಾಡಿದ ಭಾಷಣ)



ಹೆಣ್ಣುಮಕ್ಕಳ ವಿದ್ಯೆ, ವಿವಾಹ ಮತ್ತು ವೃತ್ತಿಗಳನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸಂಸ್ಥೆಯವರು ನನಗೆ ಅಪ್ಪಣೆ ಮಾಡಿದ್ದಾರೆ. ಸ್ತ್ರೀವಿದ್ಯೆಯ ಮಹಿಮೆಯನ್ನು ಹೊಗಳುವ ಭಾಷಣಗಳನ್ನು ನೀವು ಬೇಕಾದಷ್ಟು ಕೇಳಿರುವಿರಿ. ಅವುಗಳಿಗೆ ಮತ್ತೊಂದನ್ನು ಸೇರಿಸುವ ಮನಸ್ಸು ನನಗಿಲ್ಲ. ಹೆಣ್ಣುಮಗಳು ಓದಬಾರದೆಂದು ಬಾಯಿಬಿಟ್ಟು ಹೇಳುವ ಒಬ್ಬ ತಂದೆಯೂ ಈ ಸಭೆಯಲ್ಲಿ ಇರಲಾರನು. ಹಾಗಿದ್ದರೂ ಈ ವರ್ಷ ಹತ್ತನೆಯ ಇಯತ್ತೆಯಲ್ಲಿ ಕುಳಿತಿರುವ ನಮ್ಮ ಹುಡುಗಿಯರೆಲ್ಲರೂ ಎರಡು ವರ್ಷಗಳ ತರುವಾಯ ಕಾಲೇಜಿನಲ್ಲಿ ಕಾಣಸಿಗುತ್ತಾರೆಂದು ಭರವಸೆ ಕೊಡಬಲ್ಲವರು ನಮ್ಮಲ್ಲಿ ಯಾರಿದ್ದಾರೆ? ಯಾರೂ ಬೇಡವೆನ್ನದ ವಿದ್ಯೆ ನಡುದಾರಿಯಲ್ಲಿಯೇ ನಿಂತುಹೋಗುವುದೇಕೆ? ಈ ಒಂದು ಪ್ರಶ್ನೆಯನ್ನು ನಮ್ಮ ಉಮರಗಾ, ನಿಲಂಗಾ, ಉದಗೀರ ಸೀಮೆಯ ಮಟ್ಟಿಗೆ ವಿಚಾರ ಮಾಡೋಣವೆಂದು ಬಂದಿದ್ದೇನೆ.

ಮೊದಲು ಹಿಂದಿನ ಕಾಲದ ಕಡೆಗೆ ಕಣ್ಣು ಹೊರಳಿಸೋಣ. 1956ರ ನವೆಂಬರ್ 1ರ ವರೆಗೆ ಉದಗೀರ ಮತ್ತು ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಗೆ ಸೇರಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅವು ಮುಂಬಯಿ ರಾಜ್ಯಕ್ಕೆ, ಅಲ್ಲಿಂದ 1960ರಲ್ಲಿ ಮಹಾರಾಷ್ಟ್ರಕ್ಕೆ ಬಂದವು. 1982ರಲ್ಲಿ ಲಾತೂರು ಜಿಲ್ಲೆಯಾದಾಗ ಅದರಲ್ಲಿ ಸೇರಿದವು. ಉಮರಗಾ ಇಂದು ಧಾರಾಶಿವವೆಂದು ಕರೆಯಲ್ಪಡುವ ಉಸ್ಮಾನಾಬಾದ ಜಿಲ್ಲೆಯಲ್ಲಿದೆ. ಆಳಂದ ಮತ್ತು ಬಸವಕಲ್ಯಾಣಗಳು ಅದರ ನೆರೆಹೊರೆ. ನಕಾಶೆಯ ಮೇಲೆ ಗೆರೆ ಬಿದ್ದುದರಿಂದ ಬೀಗತನಗಳೇನೂ ಕಡಿಯಲಿಲ್ಲ. ಇಲ್ಲಿಯ ಮಗಳು ಭಾಲ್ಕಿಗೆ ಸೊಸೆಯಾಗಿ ಹೋದಳು, ಔರಾದಿನ ಮಗಳು ಉದಗೀರಕ್ಕೆ ಬಂದಳು. ಗಂಡಸರು ಒಂದೇ ರಾಜ್ಯದಲ್ಲಿ ಹುಟ್ಟಿ ಅದೇ ರಾಜ್ಯದಲ್ಲಿ ಬಾಳಿ ಮುಗಿಸುತ್ತಾರೆ. ಗೆರೆಯನ್ನು ದಾಟಿ ಬಾಳುವವಳು ಹೆಚ್ಚಾಗಿ ಹೆಣ್ಣುಮಗಳೇ. ಆದುದರಿಂದ ಎರಡು ಸರಕಾರಗಳ ಶಾಲೆ, ಭಾಷೆ, ದಾಖಲೆಪತ್ರಗಳ ತೊಡಕೂ ಅವಳ ಪಾಲಿಗೇ ಹೆಚ್ಚಾಗಿ ಬಂದಿದೆ.

1948ರ ಸೆಪ್ಟೆಂಬರದ ವರೆಗೆ ಈ ಸೀಮೆಯೆಲ್ಲವೂ ನಿಜಾಮರ ಆಡಳಿತದಲ್ಲಿತ್ತು. ದರಬಾರಿನ ಭಾಷೆ ಉರ್ದು, ಶಾಲೆಯ ಭಾಷೆಯೂ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವಿನಲ್ಲಿಯೇ ಉಚ್ಚಶಿಕ್ಷಣವನ್ನು ಕೊಡಲಾರಂಭಿಸಿತು. ಕನ್ನಡದ ಮಗು ಕನ್ನಡ ಅಕ್ಷರಗಳನ್ನು ಮನೆಯಲ್ಲಿಯೋ ಮಠದಲ್ಲಿಯೋ ಕಲಿಯಬೇಕಾಗಿತ್ತು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿಯನ್ನು ನಮ್ಮ ಭಾಗದಲ್ಲಿ ತಿಳಿಯದವರಿಲ್ಲ. ಆ ಕಾಲದಲ್ಲಿ ಹುಡುಗನನ್ನು ಉರ್ದು ಶಾಲೆಗೆ ಕಳಿಸುತ್ತಿದ್ದುದು ಜ್ಞಾನಕ್ಕೆಂದು ಅಲ್ಲ. ಅವನೊಬ್ಬ ಗುಮಾಸ್ತನೋ ಗಿರದಾವರನೋ ಆಗಲಿ ಎಂದು. ಹುಡುಗಿಗೆ ನೌಕರಿಯಿಲ್ಲ, ಆದುದರಿಂದ ಶಾಲೆಯೂ ಇಲ್ಲ. ನಮ್ಮ ಅಜ್ಜಿಯರ ಅನಕ್ಷರತೆಗೆ ಅವರ ತಂದೆಯರ ಕಠಿಣ ಹೃದಯವೇ ಕಾರಣವೆಂದು ಭಾವಿಸುವವರು ಈ ಲೆಕ್ಕಾಚಾರವನ್ನು ಮರೆಯುತ್ತಾರೆ. ವಿದ್ಯೆಯೆಂದರೆ ನೌಕರಿ ಎಂದು ತಿಳಿದ ಸಮಾಜದಲ್ಲಿ ನೌಕರಿಗೆ ಹೋಗದವಳಿಗೆ ವಿದ್ಯೆಯನ್ನು ಯಾರು ಕೊಡುವರು?

ಇಂತಹ ಕಾಲದಲ್ಲಿಯೂ 1934ರಲ್ಲಿ ಕಲಬುರಗಿಯ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು ಮಹಾದೇವಿಯಕ್ಕನ ಹೆಸರಿನಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ತೆರೆದರು. ಕನ್ನಡದ ಹುಡುಗಿಯರಿಗೆ ಅಕ್ಕನ ಹೆಸರು ಬಹು ಹತ್ತಿರದ್ದು. ಹನ್ನೆರಡನೆಯ ಶತಮಾನದಲ್ಲಿ ನಮ್ಮ ನೆರೆಯ ಕಲ್ಯಾಣದಲ್ಲಿ ನೂಲು ತೆಗೆದು ಬದುಕುತ್ತಿದ್ದ ಕದಿರ ರೆಮ್ಮವ್ವೆ, ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದ ಮಾರಯ್ಯನ ಪತ್ನಿ ಲಕ್ಕಮ್ಮ, ಇವರೆಲ್ಲರೂ ವಚನಕಾರ್ತಿಯರು. ಹೆಣ್ಣಿಗೆ ತನ್ನದೆಂಬ ಕಾಯಕವಿರುವುದು ಪಶ್ಚಿಮದಿಂದ ಬಂದ ಹೊಸ ರೂಢಿಯೆಂದು ಮೂಗು ಮುರಿಯುವ ಹಿರಿಯರು ಬಸವಕಲ್ಯಾಣದ ದಾರಿಯಲ್ಲಿ ನಿಂತು ಆ ಮಾತನ್ನು ಆಡದಿರುವುದು ಲೇಸು.

ಮದುವೆಯ ವಯಸ್ಸಿನ ಇತಿಹಾಸವೂ ವಿಚಿತ್ರವಾಗಿದೆ. 1929ರ ಶಾರದಾ ಕಾಯಿದೆಯು ಹುಡುಗಿಗೆ 14, ಹುಡುಗನಿಗೆ 18 ಎಂದು ವಯಸ್ಸನ್ನು ಗೊತ್ತುಮಾಡಿತು. ಆದರೆ ಅದು ಬ್ರಿಟಿಷ್ ಹಿಂದುಸ್ಥಾನದ ಕಾಯಿದೆ. ಸೊಲ್ಲಾಪುರಕ್ಕೆ ಅದು ಅನ್ವಯಿಸಿತು. ನಿಜಾಮರ ಸೀಮೆಗೆ ಅನ್ವಯಿಸಲಿಲ್ಲ. ಕಾಯಿದೆಯಿಂದ ತಪ್ಪಿಸಿಕೊಳ್ಳಬಯಸಿದವರು ಸಂಸ್ಥಾನದ ಎಲ್ಲೆಯೊಳಗೆ ಬಂದು ಮಕ್ಕಳ ಮದುವೆ ಮುಗಿಸಿಕೊಂಡು ಹೋಗುವುದು ಆ ಕಾಲದಲ್ಲಿ ದೇಶದ ಅನೇಕ ಕಡೆಗಳಲ್ಲಿ ಕಂಡುಬಂದ ಸಂಗತಿ. ಸ್ವಾತಂತ್ರ್ಯಾನಂತರ 1955ರ ಹಿಂದೂ ವಿವಾಹ ಕಾಯಿದೆ ಕನ್ಯೆಗೆ 15 ವರ್ಷವೆಂದಿತು. 1978ರಲ್ಲಿ ಅದು 18 ಆಯಿತು. 2006ರ ಕಾಯಿದೆಯು ಬಾಲ್ಯವಿವಾಹ ಮಾಡಿಸಿದವರಿಗೆ ಎರಡು ವರ್ಷಗಳ ವರೆಗೆ ಸಜೆ, ಒಂದು ಲಕ್ಷ ರೂಪಾಯಿಗಳ ವರೆಗೆ ದಂಡ ವಿಧಿಸಬಹುದೆಂದು ಬಿಗಿಮಾಡಿತು. ಅಕ್ಷರದ ಲೆಕ್ಕವನ್ನೂ ಹೇಳಿಬಿಡುತ್ತೇನೆ: 1951ರ ಜನಗಣತಿಯಲ್ಲಿ ಇಡೀ ಭಾರತದ ಸ್ತ್ರೀಯರಲ್ಲಿ ಓದುಬರಹ ಬಲ್ಲವರು ನೂರಕ್ಕೆ ಒಂಬತ್ತು ಮಂದಿಯೂ ಇರಲಿಲ್ಲ, 2011ರಲ್ಲಿ ನೂರಕ್ಕೆ ಸುಮಾರು 65 ಮಂದಿ ಇದ್ದರು.

ಕಾಯಿದೆ ಮತ್ತು ಅಂಕಿಗಳಿಂದ ಮನುಷ್ಯರ ಬಾಳು ಕಣ್ಣಿಗೆ ಕಟ್ಟುವುದಿಲ್ಲ. ಆದುದರಿಂದ ನಮ್ಮ ಆಸುಪಾಸಿನ ಇಬ್ಬರು ಮಹನೀಯರನ್ನು ನೆನೆಯುತ್ತೇನೆ.

ಜಯದೇವಿತಾಯಿ ಲಿಗಾಡೆಯವರು 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದರು. ಮನೆಮಾತು ಕನ್ನಡ, ಶಾಲೆಯಲ್ಲಿ ಕಲಿತದ್ದು ಮರಾಠಿ. ಶಾಲಾ ಶಿಕ್ಷಣ ಬೆಳೆಯುವ ಮುನ್ನ ಚಿಕ್ಕ ವಯಸ್ಸಿನಲ್ಲಿಯೇ ಮದುವೆಯಾಯಿತು. ಅಂದಿನ ನಿರೀಕ್ಷೆಯಂತೆ ಆ ಹುಡುಗಿಯ ವಿದ್ಯಾಭ್ಯಾಸದ ಕಥೆ ಅಲ್ಲಿಗೆ ಮುಗಿಯಬೇಕಾಗಿತ್ತು. ಆಕೆಯಾದರೋ ಸಂಸಾರದ ನಡುವೆ ಕುಳಿತು ತನ್ನ ತಾಯ್ನುಡಿಯ ಓದುಬರಹವನ್ನು ತಾನೇ ಕಲಿತುಕೊಂಡರು. ಕನ್ನಡದ ವಚನಗಳನ್ನು ಮರಾಠಿಗರಿಗೆ ಮರಾಠಿಯಲ್ಲಿ ಕೊಟ್ಟರು. ಸೊಲ್ಲಾಪುರದ ಸಿದ್ಧರಾಮನನ್ನು ಕುರಿತು ತ್ರಿಪದಿಯಲ್ಲಿ, ನಮ್ಮ ತಾಯಂದಿರು ಬೀಸುವಾಗ ಕುಟ್ಟುವಾಗ ಹಾಡುತ್ತಿದ್ದ ಆ ಮೂರು ಸಾಲಿನ ಮಟ್ಟಿನಲ್ಲಿ, ಒಂದು ಪುರಾಣವನ್ನೇ ಬರೆದರು. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1915ರಲ್ಲಿ ಆರಂಭವಾದ ಸಮ್ಮೇಳನದ ಪೀಠದಲ್ಲಿ ಒಬ್ಬ ಮಹಿಳೆ ಕುಳಿತದ್ದು ಅದೇ ಮೊದಲು. ಆ ಮಹಿಳೆ ಕರ್ನಾಟಕದ ಎಲ್ಲೆಯಾಚೆಯ ಗಡಿನಾಡಿನವರು ಎಂಬುದನ್ನು ನಮ್ಮ ಹುಡುಗಿಯರು ಗಮನಿಸಬೇಕು. (ಎರಡನೆಯ ಮಹಿಳೆಯನ್ನು ಆ ಪೀಠದಲ್ಲಿ ಕಾಣಲು ಕನ್ನಡಿಗರು 2000ದ ವರೆಗೆ ಕಾದರು. ಇದನ್ನೂ ಗಮನಿಸಬೇಕು.) ತಾಯಿಯವರು ತಮ್ಮ ಕೊನೆಯ ವರ್ಷಗಳನ್ನು ಬಸವಕಲ್ಯಾಣದಲ್ಲಿ ಕಳೆದು 1986ರಲ್ಲಿ ಲಿಂಗೈಕ್ಯರಾದರು.

ಇಂತಹ ಉದಾಹರಣೆಯನ್ನು ಹೇಳಿದಾಗ ಕೆಲವರು ತಟ್ಟನೆ ಒಂದು ತರ್ಕವನ್ನು ಮುಂದಿಡುತ್ತಾರೆ: “ನೋಡಿರಿ, ಅವರು ಕಾಲೇಜಿಗೆ ಹೋಗಲಿಲ್ಲ, ಚಿಕ್ಕಂದಿನಲ್ಲಿಯೇ ಮದುವೆಯಾದರು, ಆದರೂ ಎಷ್ಟು ದೊಡ್ಡವರಾದರು! ಬುದ್ಧಿಯಿದ್ದವಳು ಮನೆಯಲ್ಲಿದ್ದೂ ಕಲಿಯುತ್ತಾಳೆ.” ಈ ತರ್ಕವನ್ನು ನಾನು ಒಪ್ಪಲಾರೆ. ಅನುಕೂಲಸ್ಥರ ಮನೆಯಲ್ಲಿ ಹುಟ್ಟಿ ಅನುಕೂಲಸ್ಥರ ಮನೆಯನ್ನೇ ಸೇರಿದವರು ಅವರು. ಆ ಅಸಾಧಾರಣ ಶಕ್ತಿ ನೂರು ವರ್ಷಕ್ಕೊಮ್ಮೆ ಹುಟ್ಟುತ್ತದೆ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಸೋಯಾಬೀನಿನ ಹೊಲಕ್ಕೆ ಕಳೆ ತೆಗೆಯಲು ಹೋಗುವ ಸೊಸೆಗೆ ರಾತ್ರಿ ಯಾವ ಪುರಾಣ ಓದುವ ತ್ರಾಣ ಉಳಿದೀತು?

ಎರಡನೆಯವರು ಗೀತಾ ನಾಗಭೂಷಣ. 1942ರಲ್ಲಿ ಕಲಬುರಗಿಯ ಬಳಿಯ ಸಾವಳಗಿಯಲ್ಲಿ ಹುಟ್ಟಿದ ಇವರು ಮಿಲ್ಲಿನ ಕಾರ್ಮಿಕರೊಬ್ಬರ ಮಗಳು. ದುಡಿಯುವ ಜನರ ಮನೆಯಲ್ಲಿ ಬೆಳೆದು, ಗುಮಾಸ್ತೆಯ ಕೆಲಸ ಮಾಡುತ್ತಲೇ ಓದು ಮುಂದುವರಿಸಿ, ಅಧ್ಯಾಪಕಿಯಾದರು. ನಮ್ಮ ಭಾಗದ ಬಡ ಹೆಂಗಸರ ಬಾಳನ್ನು ನಮ್ಮ ಭಾಗದ ಮಾತಿನಲ್ಲಿಯೇ ಕಾದಂಬರಿಗಳಾಗಿ ಬರೆದರು. ‘ಬದುಕು’ ಎಂಬ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಕನ್ನಡದಲ್ಲಿ ಆ ಪ್ರಶಸ್ತಿಯನ್ನು ಪಡೆದ ಮೊದಲ ಮಹಿಳೆ ಅವರೇ. 2010ರಲ್ಲಿ ಗದುಗಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯೂ ಅವರದಾಯಿತು. 2020ರಲ್ಲಿ ತೀರಿಕೊಂಡರು.

ಇಬ್ಬರ ಹುಟ್ಟಿನ ನಡುವೆ ಮೂವತ್ತು ವರ್ಷಗಳ ಅಂತರ. ಇಬ್ಬರೂ ಏರಿದುದು ಒಂದೇ ಪೀಠ. ಒಬ್ಬರಿಗೆ ದಾರಿಯಾದದ್ದು ಮನೆತನದ ಆಸರೆ ಮತ್ತು ಸ್ವಂತ ಪ್ರತಿಭೆ. ಇನ್ನೊಬ್ಬರಿಗೆ ಪ್ರತಿಭೆಯ ಜೊತೆಗೆ ಶಾಲೆ ಮತ್ತು ಸಂಬಳ. ಮನೆತನದ ಆಸರೆ ಹಣೆಬರಹಕ್ಕೆ ಬಿಟ್ಟದ್ದು. ಶಾಲೆಯನ್ನೂ ಸಂಬಳವನ್ನೂ ಒಂದು ಊರು, ಒಂದು ಸಂಸ್ಥೆ, ಒಂದು ಸರಕಾರ ಮನಸ್ಸು ಮಾಡಿದರೆ ಸಾವಿರ ಹುಡುಗಿಯರಿಗೆ ಒದಗಿಸಿಕೊಡಬಹುದು. ಆದುದರಿಂದ ನಾನು ನಮ್ಮ ವಿದ್ಯಾರ್ಥಿನಿಯರಿಗೆ ತಾಯಿಯವರನ್ನು ತೋರಿಸಿ ಕೈಮುಗಿಯಿರೆನ್ನುತ್ತೇನೆ, ಗೀತಾ ಅವರನ್ನು ತೋರಿಸಿ ಇವರ ದಾರಿ ಹಿಡಿಯಿರೆನ್ನುತ್ತೇನೆ.

ಇನ್ನು ನಮ್ಮ ಮನೆಗಳಲ್ಲಿ ಏನು ಬದಲಾಗಿದೆ, ನೋಡೋಣ. ಕನ್ಯೆ ನೋಡಲು ಬಂದ ಬೀಗರ ಪ್ರಶ್ನೆಗಳಲ್ಲಿ ಕಾಲದ ಬದಲಾವಣೆಯೆಲ್ಲವೂ ಅಡಗಿದೆ. ಹಿಂದೆ ಕೇಳುತ್ತಿದ್ದರು: “ರೊಟ್ಟಿ ಬಡಿಯಲು ಬರುತ್ತದೆಯೆ? ಹೊಲದ ಕೆಲಸ ಗೊತ್ತೆ?” ಆಮೇಲೆ ಬಂತು: “ಓದಲು ಬರೆಯಲು ಬರುತ್ತದೆಯೆ?” ಮಗನು ಪಟ್ಟಣದಲ್ಲಿ ನೌಕರಿಗೆ ಸೇರಿದಾಗ, “ಹತ್ತನೆಯ ಇಯತ್ತೆ ಪಾಸಾಗಿದೆಯೆ?” ಎಂದಾಯಿತು. ಈಗ, “ಪದವಿಯಾಗಿದೆಯೆ? ಇಂಗ್ಲಿಷ್ ಮಾತಾಡುತ್ತಾಳೆಯೆ?” ಎಂದು ಕೇಳುತ್ತಾರೆ. ಕೇಳಿ ಸಂತೋಷಪಡುವಷ್ಟರಲ್ಲಿ ಅದೇ ಉಸಿರಿನಲ್ಲಿ ಇನ್ನೊಂದು ಮಾತು ಬರುತ್ತದೆ: “ಆದರೆ ನಾವು ಸೊಸೆಯನ್ನು ನೌಕರಿಗೆ ಕಳಿಸುವವರಲ್ಲ.” ಅಥವಾ ಅದರ ವಿರುದ್ಧ: “ನೌಕರಿ ಮಾಡಲಿ, ಪಗಾರ ಮಾತ್ರ ಮನೆಯ ಹಿರಿಯರ ಕೈಗೆ ಬರಲಿ.” ಹಾಗಾದರೆ ಈ ಪದವಿ ಏನಾಯಿತು? ಕೊರಳಿನ ಸರದಂತೆ, ಕಿವಿಯ ಬೆಂಡೋಲೆಯಂತೆ, ಮದುವೆಗಾಗಿ ಮಾಡಿಸಿದ ಒಂದು ಆಭರಣವಾಯಿತು. ಆಭರಣ ಹೆಚ್ಚಾದರೆ ವರದಕ್ಷಿಣೆಯಾದರೂ ಕಡಿಮೆಯಾಗಬೇಕಷ್ಟೆ? ಅದೂ ಇಲ್ಲ. ಹೆಚ್ಚು ಓದಿದವಳಿಗೆ ಇನ್ನೂ ಹೆಚ್ಚು ಓದಿದ ವರನನ್ನು ಹುಡುಕಬೇಕು, ಅವನ ಬೆಲೆ ಇನ್ನೂ ಹೆಚ್ಚು. ವರದಕ್ಷಿಣೆಯ ನಿಷೇಧದ ಕಾಯಿದೆಯಾದದ್ದು 1961ರಲ್ಲಿ; ಅಂದಿನಿಂದ ನಮ್ಮ ಜನ ಆ ಪದವನ್ನು ಬಿಟ್ಟು ‘ವರೋಪಚಾರ’ ಎಂದು ಹೇಳಲು ಕಲಿತದ್ದೇ ದೊಡ್ಡ ಸುಧಾರಣೆ. “ಮಗಳು ಓದಿದಷ್ಟೂ ಖರ್ಚು” ಎಂದು ತಂದೆ ನಿಟ್ಟುಸಿರು ಬಿಡುವುದಕ್ಕೆ ಕಾರಣ ಇದು. ಇದರಲ್ಲಿ ಹುಡುಗಿಯ ತಂದೆಯೊಬ್ಬನನ್ನೇ ದೂರಿ ಫಲವಿಲ್ಲ. ಈ ಸಭೆಯಲ್ಲಿ ಗಂಡುಮಕ್ಕಳ ತಾಯಂದಿರೂ ಕುಳಿತಿದ್ದೀರಿ. ಬೀಗತಿಯಾಗಿ ಹೋದಾಗ ಆ ಪ್ರಶ್ನೆಗಳನ್ನು ಕೇಳುವವರು ನಾವೇ ಅಲ್ಲವೆ?

ಈಗ ನಾನು ಮೊದಲು ಎತ್ತಿದ ಪ್ರಶ್ನೆಗೆ ಬರುತ್ತೇನೆ. ಹುಡುಗಿಯ ಓದು ಎಲ್ಲಿ ನಿಲ್ಲುತ್ತದೆ? ಪಂಚಾಂಗವನ್ನು ಎದುರಿಗಿಟ್ಟುಕೊಂಡು ನೋಡಿರಿ. ಹತ್ತನೆಯ ಇಯತ್ತೆಯ ಪರೀಕ್ಷೆ ಮುಗಿಯುವುದು ಮಾರ್ಚಿ ತಿಂಗಳಿನಲ್ಲಿ. ಕಾಲೇಜಿನ ಬಾಗಿಲು ತೆರೆಯುವುದು ಮಳೆಗಾಲದ ಆರಂಭದಲ್ಲಿ. ಈ ನಡುವಿನ ತಿಂಗಳುಗಳು ಯಾವುವು? ಚೈತ್ರ, ವೈಶಾಖ, ಜ್ಯೇಷ್ಠ. ಸುಗ್ಗಿ ಮುಗಿದಿರುತ್ತದೆ, ಹೊಲದಲ್ಲಿ ಕೆಲಸವಿಲ್ಲ, ಕೈಯಲ್ಲಿ ನಾಲ್ಕು ಕಾಸು ಆಡುತ್ತಿರುತ್ತವೆ. ಯುಗಾದಿ ಕಳೆದು ಬಸವಜಯಂತಿಯ ಅಕ್ಷಯ ತೃತೀಯ ಬರುತ್ತದೆ, ಸಾಲು ಸಾಲಾಗಿ ಮುಹೂರ್ತಗಳು. ಹುಡುಗಿ ಮನೆಯಲ್ಲಿ ಸುಮ್ಮನೆ ಕುಳಿತಿದ್ದಾಳೆ. ಫಲಿತಾಂಶ ಇನ್ನೂ ಬಂದಿಲ್ಲ. ಮುಂದಿನ ಕಾಲೇಜು ಯಾವುದೆಂದು ಗೊತ್ತಿಲ್ಲ. ಅಷ್ಟರಲ್ಲಿ ಒಳ್ಳೆಯ ಸಂಬಂಧವೊಂದು ಬಂದಿತೆನ್ನಿ. ಆ ಮನೆಯಲ್ಲಿ ಯಾರೂ “ಓದು ಬೇಡ” ಎನ್ನುವುದಿಲ್ಲ. “ನಿಶ್ಚಯಕಾರ್ಯವೊಂದು ಆಗಿಬಿಡಲಿ, ಆಮೇಲೆ ಓದುತ್ತಾಳೆ” ಎನ್ನುತ್ತಾರೆ. ಆ ‘ಆಮೇಲೆ’ ಎಂಬುದು ಬಹುಮಂದಿ ಹುಡುಗಿಯರ ಬಾಳಿನಲ್ಲಿ ಬರುವುದೇ ಇಲ್ಲ.

ಮರಾಠವಾಡದಲ್ಲಿ ಇನ್ನೊಂದು ಕಾರಣವೂ ಉಂಟು. ಮಳೆಯನ್ನು ನಂಬಿ ಬದುಕಲಾರದ ಸಾವಿರಾರು ಸಂಸಾರಗಳು ದೀಪಾವಳಿಯ ಹೊತ್ತಿಗೆ ಪಶ್ಚಿಮ ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಕಬ್ಬು ಕಡಿಯಲು ಗುಳೆ ಹೋಗುತ್ತವೆ. ಅಲ್ಲಿ ಗುತ್ತಿಗೆದಾರನು ಮುಂಗಡ ಕೊಡುವುದು ‘ಕೊಯ್ತಾ’ದ ಲೆಕ್ಕದಲ್ಲಿ, ಒಂದು ಕೊಯ್ತಾ ಎಂದರೆ ಗಂಡಹೆಂಡಿರ ಜೋಡಿ. ಮಗನಿಗೆ ಬೇಗ ಹೆಂಡತಿಯನ್ನು ತಂದರೆ ಒಂದು ಕೊಯ್ತಾ ಹೆಚ್ಚಿತು. ಬೆಳೆದ ಮಗಳನ್ನು ಊರಿನಲ್ಲಿ ಒಬ್ಬಳನ್ನೇ ಬಿಟ್ಟು ಹೋಗಲು ಭಯ, ಕಬ್ಬಿನ ಗದ್ದೆಯ ಗುಡಿಸಲಿಗೆ ಕರೆದೊಯ್ಯಲು ಇನ್ನೂ ಭಯ. ಮದುವೆ ಮಾಡಿಬಿಟ್ಟರೆ ಭಯ ತೀರಿತೆಂಬ ಭಾವನೆ. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಮಹಾರಾಷ್ಟ್ರದಲ್ಲಿ 20ರಿಂದ 24 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 22 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತೆಂದು ಕಂಡುಕೊಂಡಿತು. ಮರಾಠವಾಡದ ಕೆಲವು ಜಿಲ್ಲೆಗಳಲ್ಲಿ ಈ ಸಂಖ್ಯೆ ಇನ್ನೂ ಬಹಳ ಮೇಲೆ ಇತ್ತು. ಈ ತಾಯಿತಂದೆಗಳಿಗೆ ಉಪದೇಶ ಬೇಕಾಗಿಲ್ಲ. ಮಗಳನ್ನು ಆರು ತಿಂಗಳು ನಿರ್ಭಯವಾಗಿ ಬಿಟ್ಟುಹೋಗಲು ಒಂದು ವಸತಿಗೃಹ ಬೇಕು. ನಮ್ಮ ಸಂಸ್ಥೆಯ ಮುಂದಿನ ಯೋಜನೆಗಳಲ್ಲಿ ಹೊಸ ಸಭಾಗೃಹಕ್ಕಿಂತ ಮೊದಲು ಹುಡುಗಿಯರ ವಸತಿಗೃಹ ಬರಬೇಕೆಂದು ಅಧ್ಯಕ್ಷರಲ್ಲಿ ನನ್ನ ನಮ್ರ ವಿನಂತಿ.

ಕನ್ನಡ ಶಾಲೆಯ ಹುಡುಗಿಗೆ ಇವೆಲ್ಲದರ ಮೇಲೆ ಭಾಷೆಯ ಹೊಳೆಯನ್ನೂ ದಾಟಬೇಕಾಗಿದೆ. ಮಹಾರಾಷ್ಟ್ರ ಸರಕಾರದ ಬಾಲಭಾರತಿಯು ಕನ್ನಡದಲ್ಲಿ ಪಠ್ಯಪುಸ್ತಕಗಳನ್ನು ಅಚ್ಚುಹಾಕಿ ಕೊಡುತ್ತದೆ. ಹತ್ತನೆಯ ಇಯತ್ತೆಯ ವರೆಗೆ ಕನ್ನಡದಲ್ಲಿಯೇ ಪರೀಕ್ಷೆ ಬರೆಯಬಹುದು. ಇದು ಸಣ್ಣ ಉಪಕಾರವಲ್ಲ. ಆದರೆ ಅಲ್ಲಿಂದ ಮುಂದೆ ಕಾಲೇಜಿನಲ್ಲಿ ಮರಾಠಿ ಅಥವಾ ಇಂಗ್ಲಿಷ್. ಹುಡುಗನಾದರೆ ಸೊಲ್ಲಾಪುರಕ್ಕೋ ಕಲಬುರಗಿಗೋ ಹೋಗಿ ಕೋಣೆ ಹಿಡಿದು ಓದುತ್ತಾನೆ. ಒಂದು ವರ್ಷ ನಪಾಸಾದರೂ “ಹೊಸ ಭಾಷೆ, ತಡವರಿಸಿದ, ಮತ್ತೊಮ್ಮೆ ಬರೆಯಲಿ” ಎನ್ನುತ್ತೇವೆ. ಹುಡುಗಿ ಮೊದಲನೆಯ ಘಟಕ ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ, “ಅವಳಿಗೆ ಆಗುವುದಿಲ್ಲ, ಬಿಡಿಸಿ ಬಿಡೋಣ” ಎನ್ನುತ್ತೇವೆ. ತಡವರಿಸುವ ಹಕ್ಕನ್ನು ಮಗನಿಗೆ ಕೊಟ್ಟಂತೆ ಮಗಳಿಗೆ ನಾವು ಇನ್ನೂ ಕೊಟ್ಟಿಲ್ಲ.

ವಾಸ್ತವದಲ್ಲಿ ಈ ತಡವರಿಕೆ ಆರು ತಿಂಗಳ ಮಾತು. ನಮ್ಮ ಮಕ್ಕಳು ಬಾಲ್ಯದಿಂದಲೇ ಮರಾಠಿಯನ್ನು ಕಲಿತಿರುತ್ತಾರೆ. ಶಾಸ್ತ್ರೀಯ ಶಬ್ದಗಳಲ್ಲಿ ಬಹಳಷ್ಟು ಸಂಸ್ಕೃತಮೂಲದವು, ಎರಡೂ ಭಾಷೆಗಳಿಗೆ ಸಮಾನ. ಗುರುತ್ವಾಕರ್ಷಣ ಅಲ್ಲಿಯೂ ಗುರುತ್ವಾಕರ್ಷಣವೇ. ಎಲ್ಲೋ ಒಂದೆರಡು ಕಡೆ ಮೋಸಹೋಗುವ ಸಂಭವವುಂಟು. ಕನ್ನಡ ವಿಜ್ಞಾನದಲ್ಲಿ ಪರಮಾಣುಗಳು ಕೂಡಿ ಅಣುವಾಗುತ್ತದೆ. ಮರಾಠಿ ವಿಜ್ಞಾನದಲ್ಲಿ ಅಣುಗಳು ಕೂಡಿ ರೇಣುವಾಗುತ್ತದೆ. ಇದನ್ನು ಮೊದಲೇ ತಿಳಿಸಿಕೊಟ್ಟರೆ ಹುಡುಗಿ ಬೆದರುವುದಿಲ್ಲ. ಎಂಟು, ಒಂಬತ್ತು, ಹತ್ತನೆಯ ಇಯತ್ತೆಗಳಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಕನ್ನಡ, ಮರಾಠಿ, ಇಂಗ್ಲಿಷ್ ಎಂಬ ಮೂರು ಕಂಬಗಳ ಒಂದು ಶಬ್ದದ ವಹಿಯನ್ನು ಇಟ್ಟುಕೊಳ್ಳಬೇಕು. ದಿನಕ್ಕೆ ಐದು ಶಬ್ದ ಬರೆದರೆ ಸಾಕು. ಗುರುಗಳು ಇದನ್ನು ವಾರಕ್ಕೊಮ್ಮೆ ನೋಡಬೇಕು. ಖರ್ಚು ಒಂದು ನೋಟುಪುಸ್ತಕದ್ದು ಮಾತ್ರ.

ದೂರದ ಮಾತು ಬಂದಿತು. ಉದಗೀರಕ್ಕೆ ರೈಲು ಉಂಟು, ಉಮರಗಾಕ್ಕೆ ಹೆದ್ದಾರಿ ಉಂಟು, ನಿಲಂಗಾಕ್ಕೆ ಬಸ್ಸೇ ಗತಿ. ಮೂರೂ ಊರುಗಳಲ್ಲಿ ಇಂದು ಕಾಲೇಜುಗಳಿವೆ. ‘ಲಾತೂರು ಪ್ಯಾಟರ್ನ್’ ಎಂದು ಹೆಸರಾದ ಕಲಿಕೆಯ ಕ್ರಮದಿಂದಾಗಿ ವಿಜ್ಞಾನ ಓದುವವರು ಲಾತೂರಿಗೆ ಮುಗಿಬೀಳುತ್ತಾರೆ. 2023ರಲ್ಲಿ ಮಹಾರಾಷ್ಟ್ರವು ತನ್ನ ಎಸ್.ಟಿ. ಬಸ್ಸುಗಳಲ್ಲಿ ಹೆಂಗಸರಿಗೆ ಅರ್ಧ ದರವನ್ನೂ, ಕರ್ನಾಟಕವು ತನ್ನ ರಾಜ್ಯದ ಹೆಂಗಸರಿಗೆ ತನ್ನ ಎಲ್ಲೆಯೊಳಗೆ ಉಚಿತ ಪ್ರಯಾಣವನ್ನೂ ಆರಂಭಿಸಿದವು. ಭಾಲ್ಕಿಯ ಅಕ್ಕನಿಗೆ ಟಿಕೆಟ್ಟಿಲ್ಲ, ಉದಗೀರದ ತಂಗಿಗೆ ಅರ್ಧ ಟಿಕೆಟ್ಟು! ಗಡಿನಾಡಿನ ಅಕ್ಕತಂಗಿಯರು ಇದನ್ನು ಹೇಳಿಕೊಂಡು ನಗುತ್ತಾರೆ. ನಗಲಿ, ಆದರೆ ಮಗಳನ್ನು ದಿನವೂ ಕಳಿಸುವುದಕ್ಕೆ ಬಸ್ಸಿನ ಖರ್ಚೇ ಅಡ್ಡಿ ಎನ್ನುವವರ ನೆಪ ಸ್ವಲ್ಪ ಸಡಿಲವಾಯಿತು. 2024ರಲ್ಲಿ ಮಹಾರಾಷ್ಟ್ರ ಸರಕಾರವು ವಾರ್ಷಿಕ ಉತ್ಪನ್ನ ಎಂಟು ಲಕ್ಷದೊಳಗಿರುವ ಮನೆಗಳ ಹುಡುಗಿಯರಿಗೆ ವೃತ್ತಿಶಿಕ್ಷಣದ ಶುಲ್ಕವನ್ನು ಮಾಫಿ ಮಾಡುವ ನಿರ್ಣಯವನ್ನೂ ಹೊರಡಿಸಿತು.

ವೃತ್ತಿಯ ವಿಷಯಕ್ಕೆ ಬಂದಾಗ ನಮ್ಮ ಸೀಮೆ ಮರೆಯಲಾಗದ ಒಂದು ಅಧ್ಯಾಯವನ್ನು ಹೇಳದೆ ಇರಲಾರೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ಕಳಿಸಿ ಜನ ದಣಿದು ಮಲಗಿದ್ದಾಗ, ಕಿಲ್ಲಾರಿಯ ಭೂಕಂಪವಾಯಿತು. ಔಸಾ, ಉಮರಗಾ, ನಿಲಂಗಾ ತಾಲೂಕುಗಳ ಕಲ್ಲುಮಣ್ಣಿನ ದಪ್ಪ ಗೋಡೆಗಳು ಕುಸಿದು ಸಾವಿರಾರು ಜನ ಮಲಗಿದ್ದಲ್ಲಿಯೇ ಮಡಿದರು. ಇಲ್ಲಿರುವ ಹಿರಿಯರಲ್ಲಿ ಅನೇಕರಿಗೆ ಆ ಬೆಳಗು ನೆನಪಿದೆ. ನಾನು ಅದನ್ನು ವರ್ಣಿಸಬೇಕಾಗಿಲ್ಲ. ಆ ತರುವಾಯ ಲಾತೂರು ಮತ್ತು ಉಸ್ಮಾನಾಬಾದ ಜಿಲ್ಲೆಗಳ ನೂರಾರು ಹಳ್ಳಿಗಳಲ್ಲಿ ಮನೆಗಳನ್ನು ದುರಸ್ತಿಮಾಡಿ ಬಲಪಡಿಸುವ ಕೆಲಸ ಆರಂಭವಾಯಿತು. ಸರಕಾರದ ಹಣ ಬರುತ್ತದೆ. ಅದು ಯಾರಿಗೆ, ಎಷ್ಟು, ಯಾವ ಕೆಲಸಕ್ಕೆ ಎಂಬುದನ್ನು ಮನೆಮನೆಗೆ ತಿಳಿಸುವವರು ಯಾರು? ಆಗ ‘ಸ್ವಯಂ ಶಿಕ್ಷಣ ಪ್ರಯೋಗ’ ಎಂಬ ಸಂಸ್ಥೆಯ ಪ್ರಯತ್ನದಿಂದ ಹಳ್ಳಿಯ ಹೆಂಗಸರನ್ನೇ ‘ಸಂವಾದ ಸಹಾಯಕ’ರೆಂದು ನೇಮಿಸಲಾಯಿತು. ತಲೆಯ ಸೆರಗು ಜಾರದಂತೆ ನಡೆಯುತ್ತಿದ್ದ ಸೊಸೆಯಂದಿರು ಇಂಜಿನಿಯರನ ಎದುರು ನಿಂತು ಮೂಲೆಯ ಕಲ್ಲು ಹೇಗಿರಬೇಕು, ಗೋಡೆಯ ಪಟ್ಟಿಗೆ ಕಬ್ಬಿಣ ಎಷ್ಟು ಹಾಕಬೇಕು ಎಂದು ಕೇಳಲು ಕಲಿತರು. ಹಣದ ಲೆಕ್ಕ ಹಿಡಿದರು. 2001ರಲ್ಲಿ ಗುಜರಾತದ ಕಚ್ಛದಲ್ಲಿ ಭೂಕಂಪವಾದಾಗ ಇಲ್ಲಿಯ ಹೆಂಗಸರು ಅಲ್ಲಿಗೆ ಹೋಗಿ ಅಲ್ಲಿಯ ಹೆಂಗಸರಿಗೆ ತಮ್ಮ ಅನುಭವವನ್ನು ತಿಳಿಸಿದರು. ಮುಂದೆ ಇದೇ ಹಳ್ಳಿಗಳಲ್ಲಿ ಬಚತಗಟಗಳು ಬೆಳೆದವು. ಪಂಚಾಯತಿಯಲ್ಲಿ ಮೊದಲು ಮೂರನೆಯ ಒಂದು ಭಾಗ, ಆಮೇಲೆ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾದವು.

ಆ ಸಂವಾದ ಸಹಾಯಕರಲ್ಲಿ ಬಹುಮಂದಿಗೆ ಓದು ಅಷ್ಟಕ್ಕಷ್ಟೆ. ಅವರಿಗೆ ಶಕ್ತಿ ಭೂಕಂಪದಿಂದ ಬಂದುದಲ್ಲ. ಅದು ಮೊದಲಿನಿಂದಲೂ ಇತ್ತು, ಅವರಿಂದ ಅದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಮನೆಯ ಗೋಡೆ ಬಿದ್ದ ಮೇಲೆಯೇ ಮನೆಯ ಹೆಣ್ಣಿನ ಬುದ್ಧಿ ಊರಿಗೆ ಕಾಣಿಸಬೇಕಾಯಿತೆ ಎಂಬ ಯೋಚನೆ ನನ್ನನ್ನು ಆಗಾಗ ಕಾಡುತ್ತದೆ.

ನಮ್ಮ ಕನ್ನಡ ಶಾಲೆಯ ಹುಡುಗಿಯರಿಗೆ ವೃತ್ತಿಯಲ್ಲಿ ಒಂದು ಅನುಕೂಲವಿದೆ. ಅದನ್ನು ಅವರೇ ಕೊರತೆಯೆಂದು ತಿಳಿದಿರುತ್ತಾರೆ. ಲಾತೂರು, ಉದಗೀರ, ಸೊಲ್ಲಾಪುರಗಳ ಆಸ್ಪತ್ರೆಗಳಿಗೆ ಬೀದರ, ಕಲಬುರಗಿ ಕಡೆಯ ರೋಗಿಗಳು ಬರುತ್ತಾರೆ. ನೋವನ್ನು ಮನುಷ್ಯ ತಾಯ್ನುಡಿಯಲ್ಲಿ ಹೇಳುತ್ತಾನೆ. ಕನ್ನಡವನ್ನೂ ಮರಾಠಿಯನ್ನೂ ಬಲ್ಲ ದಾದಿಯ ಬೆಲೆ ಆ ಹಾಸಿಗೆಯ ಬಳಿ ಎಷ್ಟೆಂಬುದನ್ನು ಯೋಚಿಸಿರಿ. ಬ್ಯಾಂಕಿನಲ್ಲಿ, ಕಚೇರಿಯಲ್ಲಿ, ನ್ಯಾಯಾಲಯದಲ್ಲಿ, ಅಡತಿ ಅಂಗಡಿಯಲ್ಲಿಯೂ ಹಾಗೆಯೇ. ಇನ್ನು ನಮ್ಮ ಕನ್ನಡ ಶಾಲೆಗಳಿಗೆ ನಾಳೆ ಶಿಕ್ಷಕಿಯರು ಎಲ್ಲಿಂದ ಬರಬೇಕು? ಈ ಬೆಂಚುಗಳಿಂದಲೇ.

ಆಸ್ತಿಯ ಮಾತನ್ನು ಚಿಕ್ಕದಾಗಿ ಹೇಳಿ ಮುಂದುವರಿಯುತ್ತೇನೆ, ಏಕೆಂದರೆ ಇದನ್ನು ಹೆಚ್ಚು ಹೇಳಿದರೆ ಅಣ್ಣತಮ್ಮಂದಿರು ಎದ್ದುಹೋಗುವರು. ಮಹಾರಾಷ್ಟ್ರ ಮತ್ತು ಕರ್ನಾಟಕಗಳು 1994ರಲ್ಲಿಯೇ ಕಾಯಿದೆ ತಿದ್ದಿ ಅವಿಭಕ್ತ ಹಿಂದೂ ಕುಟುಂಬದ ಹೆಣ್ಣುಮಗಳನ್ನು ಗಂಡುಮಗನಂತೆ ಪಿತ್ರಾರ್ಜಿತದಲ್ಲಿ ಭಾಗಸ್ಥಳನ್ನಾಗಿ ಮಾಡಿದವು. 2005ರಲ್ಲಿ ಇಡೀ ದೇಶಕ್ಕೆ ಅದೇ ನಿಯಮ ಬಂದಿತು. ರೂಢಿಯಲ್ಲಿ ಇಂದಿಗೂ ಅಕ್ಕತಂಗಿಯರು ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಸಹಿ ಹಾಕುತ್ತಾರೆ. ಪ್ರೀತಿಯಿಂದ ಹಾಕುವವಳು ಹಾಕಲಿ, ಅದು ಅವಳ ಇಚ್ಛೆ. ಆದರೆ ಏನು ಬರೆದಿದೆಯೆಂದು ಓದಿ ಹಾಕಲಿ. ಓದಲು ಬಾರದವಳ ಹೆಬ್ಬೆಟ್ಟಿಗೂ ಪದವಿ ಪಡೆದು ಓದದೆಯೇ ಹಾಕಿದ ಸಹಿಗೂ ವ್ಯತ್ಯಾಸವೇನು?

ಇನ್ನು ಕೆಲವು ವ್ಯಾವಹಾರಿಕ ಮಾತುಗಳು. ಈ ವರ್ಷ ಹತ್ತನೆಯ ಇಯತ್ತೆಯಲ್ಲಿರುವ ಹುಡುಗಿಯರ ತಾಯಿತಂದೆಗಳು ಪರೀಕ್ಷೆ ಮುಗಿದ ವಾರದಲ್ಲಿಯೇ, ಫಲಿತಾಂಶಕ್ಕೆ ಕಾಯದೆ, ಮಗಳೊಡನೆ ಹೋಗಿ ಒಂದು ಕಾಲೇಜನ್ನು ನೋಡಿಕೊಂಡು ಬನ್ನಿರಿ. ಕಾಲೇಜನ್ನು ಕಣ್ಣಿನಿಂದ ಕಂಡ ಹುಡುಗಿಯ ಓದನ್ನು ಬಿಡಿಸುವುದು ಕಠಿಣ. ಉತ್ಪನ್ನದ ದಾಖಲೆ, ಜಾತಿಯ ದಾಖಲೆ, ರಹವಾಸಿ ದಾಖಲೆಗಳಿಗೆ ತಹಶೀಲ ಕಚೇರಿಯಲ್ಲಿ ಈಗಲೇ ಅರ್ಜಿ ಹಾಕಿರಿ. ಜೂನಿನಲ್ಲಿ ಅಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಶಾಲೆ ಬಿಟ್ಟ ದಾಖಲೆಯಲ್ಲಿ ಹೆಸರು, ಹುಟ್ಟಿದ ತಾರೀಖುಗಳು ಕನ್ನಡ, ಮರಾಠಿ, ಇಂಗ್ಲಿಷ್ ಬರಹಗಳಲ್ಲಿ ಒಂದೇ ರೀತಿ ಇವೆಯೆ ಎಂದು ನೋಡಿಕೊಳ್ಳಿರಿ. ಒಂದು ಅಕ್ಷರದ ಭೇದದಿಂದ ವಿದ್ಯಾರ್ಥಿವೇತನ ನಿಂತುಹೋಗಬಹುದು. ಬ್ಯಾಂಕಿನ ಖಾತೆ ಮಗಳ ಹೆಸರಿನಲ್ಲಿಯೇ ಇರಲಿ.

ವಿದ್ಯಾರ್ಥಿನಿಯರೇ, 18 ತುಂಬುವ ಮೊದಲೇ ನಿಮ್ಮ ಮದುವೆಯ ಮಾತು ಎದ್ದರೆ ಮೊದಲು ನಿಮ್ಮ ತಾಯಿಗೆ, ಆಮೇಲೆ ನಿಮ್ಮ ಗುರುಗಳಿಗೆ ತಿಳಿಸಿರಿ. ಹಳ್ಳಿಯಲ್ಲಿ ಬಾಲ್ಯವಿವಾಹವನ್ನು ತಡೆಯುವ ಅಧಿಕಾರ ಗ್ರಾಮಸೇವಕರಿಗೆ ಇದೆ. 1098 ಎಂಬ ನಾಲ್ಕು ಅಂಕಿಗಳ ದೂರವಾಣಿ ಸಂಖ್ಯೆಯನ್ನು ನಿಮ್ಮ ಶಬ್ದದ ವಹಿಯ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿರಿ. ಅದಕ್ಕೆ ಹಣ ಬೀಳುವುದಿಲ್ಲ, ಯಾವ ಹೊತ್ತಿನಲ್ಲಾದರೂ ಮಾಡಬಹುದು.

ಮುಖ್ಯಾಧ್ಯಾಪಕರಲ್ಲಿ ಕೊನೆಯದಾಗಿ ಒಂದು ಪ್ರಾರ್ಥನೆ. ಬರುವ ಜೂನ್ ತಿಂಗಳಿನಿಂದ ಒಂದು ವಹಿಯನ್ನು ತೆರೆಯಿರಿ. ಅದರಲ್ಲಿ ಈ ವರ್ಷ ಹತ್ತನೆಯ ಇಯತ್ತೆ ಮುಗಿಸುವ ಪ್ರತಿಯೊಬ್ಬ ಹುಡುಗಿಯ ಹೆಸರನ್ನೂ, ಅವಳು ಎಲ್ಲಿ ಹೆಸರು ಹಚ್ಚಿಸಿದಳೆಂಬುದನ್ನೂ ಬರೆಯಿರಿ. ಹೆಸರು ಹಚ್ಚಿಸದವಳ ಮನೆಗೆ ಆಗಸ್ಟಿನೊಳಗೆ ನಮ್ಮಲ್ಲಿ ಯಾರಾದರೂ ಇಬ್ಬರು ಹೋಗಿ ಬರೋಣ. ಹಾಗೆ ಹೋಗುವವರಲ್ಲಿ ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿರಿ. ಮುಂದಿನ ವರ್ಷದ ಸ್ನೇಹಸಮ್ಮೇಳನದಲ್ಲಿ ಕಾರ್ಯದರ್ಶಿಗಳ ವರದಿಯ ಜೊತೆಗೆ ಆ ವಹಿಯನ್ನೂ ಈ ವೇದಿಕೆಯ ಮೇಲೆ ಓದಿ ಹೇಳಬೇಕು.